ಬಕ್ಲಿ ಇದ್ದಿದ್ರೆ ಹೀಗಾಗ್ತಿರ್ಲಿಲ್ಲ ಅನ್ನೋರಿಗೆ

2025ರ ಅಕ್ಟೋಬರ್ ಕೊನೇಲಿ ಫಾಕ್ಸ್ ನ್ಯೂಸ್ ಚಾನೆಲಲ್ಲಿ ಹೆಸರು ಮಾಡಿದ್ದ ಅಮೆರಿಕದ ಬಲಪಂಥೀಯ ನಿರೂಪಕ ಟಕರ್ ಕಾರ್ಲ್‌ಸನ್ ತನ್ನ ಶೋಗೆ ನಿಕ್ ಫ್ಯುಯೆಂಟೆಸ್‌ನ ಕರ್ಸಿ ಎರಡು ಗಂಟೆ ಮೇಲೆ ಮಾತಾಡ್ಸಿದ. ಗೊತ್ತಿಲ್ದೋರಿಗೆ ಹೇಳ್ತೀನಿ, ಈ ಫ್ಯುಯೆಂಟೆಸ್ ಯಹೂದಿಗಳ ಮೇಲೆ ಬಹಿರಂಗವಾಗಿ ದ್ವೇಷ ಕಾರೋ, ಹಿಟ್ಲರ್‌ನ ಹೊಗಳಿರೋ, ಇನ್ನೂ ಮೂವತ್ತು ತುಂಬದ ಲೈವ್‌ಸ್ಟ್ರೀಮರ್. 2020ರಲ್ಲಿ ಯೂಟ್ಯೂಬ್ ಇವನನ್ನ ಹೊರಗೆ ಹಾಕಿತ್ತು, 2022ರ ನವೆಂಬರಲ್ಲಿ ಟ್ರಂಪ್ ಜೊತೆ ಆತನ ಮಾರ್-ಎ-ಲಾಗೋ ಬಂಗಲೇಲಿ ಊಟ ಮಾಡಿದ್ದು ದೊಡ್ಡ ಗಲಾಟೆ ಆಗಿತ್ತು, 2024ರಲ್ಲಿ ಮಸ್ಕ್ ಎಕ್ಸ್‌ಗೆ ವಾಪಸ್ ಬಿಟ್ಕೊಂಡ. ಕಾರ್ಲ್‌ಸನ್ ಇವನಿಗೆ ಖಡಕ್ ಪ್ರಶ್ನೆ ಕೇಳಿದ್ದು ಕಮ್ಮಿ, ನಕ್ಕೊಂಡು ಹರಟೆ ಹೊಡ್ದಿದ್ದೇ ಜಾಸ್ತಿ. ಜನ ಬೈದ್ರು. ಆಗ ವಾಷಿಂಗ್ಟನ್ನಿನ ದೊಡ್ಡ ಕನ್ಸರ್ವೇಟಿವ್ (ಬಲಪಂಥೀಯ) ಚಿಂತನಾ ಸಂಸ್ಥೆ ಹೆರಿಟೇಜ್ ಫೌಂಡೇಶನ್ ಅಧ್ಯಕ್ಷ ಕೆವಿನ್ ರಾಬರ್ಟ್ಸ್ ಒಂದು ವಿಡಿಯೋ ಹಾಕಿ ಕಾರ್ಲ್‌ಸನ್ ನಮ್ಮ ಸ್ನೇಹಿತ, ಮುಂದೇನೂ ಸ್ನೇಹಿತನೇ, ಅವನ ಮೇಲೆ ಬಿದ್ದಿರೋರು ವಿಷ ಕಕ್ಕೋ ಗುಂಪು ಅಂತ ಅಂದುಬಿಟ್ಟ, ಅಲ್ಲಿಂದ ಶುರುವಾಯ್ತು ನೋಡಿ ಆ ಸಂಸ್ಥೆ ಒಳಗೇ ರಾಜೀನಾಮೆ, ಕ್ಷಮಾಪಣೆ, ಮತ್ತೆ ರಾಜೀನಾಮೆ. ಪ್ರಿನ್ಸ್‌ಟನ್ ಪ್ರೊಫೆಸರ್ ರಾಬರ್ಟ್ ಜಾರ್ಜ್ ಬೋರ್ಡಿಂದಾನೇ ಹೊರಗೆ ನಡ್ದ.

ಈ ಗಲಾಟೆ ಉದ್ದಕ್ಕೂ ಒಂದು ಹೆಸರು ಮತ್ತೆ ಮತ್ತೆ ಬರ್ತಾ ಇತ್ತು: ವಿಲಿಯಂ ಎಫ್. ಬಕ್ಲಿ ಜೂನಿಯರ್, ನ್ಯಾಷನಲ್ ರಿವ್ಯೂ ಅನ್ನೋ ಕನ್ಸರ್ವೇಟಿವ್ ಪತ್ರಿಕೆ ಕಟ್ಟಿ 2008ರಲ್ಲಿ ತೀರ್ಕೊಂಡ ಸಂಪಾದಕ. ಬಕ್ಲಿ ಇದ್ದಿದ್ರೆ ಇವ್ರನ್ನೆಲ್ಲ ಬಾಗಿಲ ಹೊರಗೇ ನಿಲ್ಲಿಸ್ತಿದ್ದ, 60ರ ದಶಕದಲ್ಲಿ ಜಾನ್ ಬರ್ಚ್ ಸೊಸೈಟಿ ಅನ್ನೋ ಅತಿರೇಕದ ಕಮ್ಯುನಿಸ್ಟ್-ವಿರೋಧಿ ಸಂಘಟನೇನ ಓಡಿಸಿದ ಹಾಗೆ ಓಡಿಸ್ತಿದ್ದ ಅಂತ. ಕಾಕತಾಳೀಯಕ್ಕೆ ಅದೇ ನವೆಂಬರ್ 24ಕ್ಕೆ ಆತ ಹುಟ್ಟಿ ನೂರು ವರ್ಷ ತುಂಬ್ತು, ಅದೇ ವರ್ಷ ಜೂನಲ್ಲಿ ಸ್ಯಾಮ್ ಟ್ಯಾನೆನ್‌ಹೌಸ್ ಬರ್ದ ಸಾವಿರ ಪುಟದ ಆಸುಪಾಸಿನ ಜೀವನಚರಿತ್ರೆ ಬೇರೆ ಬಂದಿತ್ತು, ಹಾಗಾಗಿ ಹೆಸರು ಎಲ್ಲರ ಬಾಯಲ್ಲೂ ಇತ್ತು.

ನನಗೆ ಈ ಮಾತು ಅರ್ಧ ಮಾತ್ರ ಸರಿ ಅನ್ಸುತ್ತೆ. ಬಕ್ಲಿ ಬಾಗಿಲು ಕಾದಿದ್ದು ನಿಜ. ಆದ್ರೆ ಕಾಯೋಕೆ ಅವತ್ತು ಬಾಗಿಲು ಅಂತ ಒಂದು ಇತ್ತು, ಅದರ ಕೀಲಿ ಒಬ್ಬನ ಕೈಲಿತ್ತು. ಜೊತೆಗೆ ಆತ ಯಾರನ್ನ ಹೊರಗೆ ಹಾಕ್ದ ಅಂತ ಎಲ್ರೂ ಹೇಳ್ತಾರೆ, ಯಾರನ್ನ ಒಳಗೆ ಕೂರಿಸ್ಕೊಂಡಿದ್ದ ಅನ್ನೋದನ್ನ ಯಾರೂ ಹೇಳಲ್ಲ.

ಆತನ ಕಥೆ ಸ್ವಲ್ಪ ಹೇಳ್ಬೇಕು, ಯಾಕಂದ್ರೆ ಅಮೆರಿಕದಲ್ಲಿ ಕನ್ಸರ್ವೇಟಿವ್ ಕಾಮೆಂಟೇಟರ್ ಅನ್ನೋ ಕೆಲಸಾನ ಹೆಚ್ಚುಕಮ್ಮಿ ಹುಟ್ಟುಹಾಕಿದ್ದೇ ಈ ಮನುಷ್ಯ.

ಹುಟ್ಟಿದ್ದು 1925ರಲ್ಲಿ ನ್ಯೂಯಾರ್ಕಲ್ಲಿ, ಹತ್ತು ಮಕ್ಕಳಲ್ಲಿ ಆರನೆಯವ. ಅಪ್ಪ ಎಣ್ಣೆ ವ್ಯಾಪಾರಿ, ಮೆಕ್ಸಿಕೋ ಕ್ರಾಂತಿ ಟೈಮಲ್ಲಿ ಅಲ್ಲಿಂದ ಹೊರದಬ್ಬಿಸ್ಕೊಂಡು ಆಮೇಲೆ ವೆನಿಜುವೆಲಾ ಎಣ್ಣೇಲಿ ಮತ್ತೆ ದುಡ್ಡು ಮಾಡಿದೋನು. ಸರ್ಕಾರ ಅಂದ್ರೆ ಆಸ್ತಿ ಕಿತ್ಕೊಳ್ಳೋ ಯಂತ್ರ ಅನ್ನೋ ಭಾವನೆ ಆ ಮನೇಲಿ ಹಂಗೇ ಬಂದಿದ್ದಲ್ಲ, ಅನುಭವದಿಂದ ಬಂದಿದ್ದು. ಕಟ್ಟಾ ಕ್ಯಾಥೊಲಿಕ್ ಕುಟುಂಬ. ಕನೆಕ್ಟಿಕಟ್‌ನ ಶಾರನ್ ಅನ್ನೋ ಊರಲ್ಲಿ ಒಂದು ದೊಡ್ಡ ಬಂಗಲೆ, ಚಳಿಗಾಲಕ್ಕೆ ದಕ್ಷಿಣ ಕೆರೊಲಿನಾದ ಕ್ಯಾಮ್ಡೆನ್‌ನಲ್ಲಿ ಇನ್ನೊಂದು. ಈ ಕ್ಯಾಮ್ಡೆನ್ ಹೆಸರು ನೆನಪಿಟ್ಕೊಳ್ಳಿ, ಮುಂದೆ ಬೇಕಾಗುತ್ತೆ. ಹುಡುಗ ಮೊದ್ಲು ಕಲ್ತಿದ್ದು ಸ್ಪ್ಯಾನಿಷ್, ಆಮೇಲೆ ಫ್ರೆಂಚ್, ಇಂಗ್ಲಿಷ್ ಶಾಲೆಗೆ ಹೋಗಿದ್ದು ಲಂಡನ್ನಲ್ಲಿ, ಆ ಎಲ್ಲೂ ಸಲ್ಲದ ಎಳೆದೆಳೆದು ಮಾತಾಡೋ ಶ್ರೀಮಂತ ಧಾಟಿ ಬಂದಿದ್ದು ಹಾಗೆ, ಅದನ್ನೇ ಆಮೇಲೆ ಅರ್ಧ ದೇಶ ಅಣಕಿಸ್ತಾ ಇತ್ತು, ಆತನೂ ಅದನ್ನ ಚೆನ್ನಾಗಿ ಬಳಸ್ಕೊಂಡ.

ಎರಡನೇ ಮಹಾಯುದ್ಧದ ಕೊನೇಲಿ ಸೇನೆಗೆ ಹೋಗಿ ಬಂದು 1946ರಲ್ಲಿ ಯೇಲ್ ಸೇರಿದ. ಡಿಬೇಟ್, ಯೇಲ್ ಡೈಲಿ ನ್ಯೂಸ್ ಪೇಪರಿನ ಮುಖ್ಯಸ್ಥ, ಸ್ಕಲ್ ಅಂಡ್ ಬೋನ್ಸ್ ಅನ್ನೋ ರಹಸ್ಯ ಕ್ಲಬ್ಬು, ಎಲ್ಲಾ ಆಯ್ತು. 1951ರಲ್ಲಿ ಯೇಲ್ ಮೇಲೇ ಒಂದು ಪುಸ್ತಕ ಬರ್ದು ಹೆಸರು ಮಾಡ್ದ. ಅದರ ವಾದ ಇಷ್ಟೇ: ಇಲ್ಲಿನ ಪ್ರೊಫೆಸರ್‌ಗಳು ಕ್ರೈಸ್ತ ಧರ್ಮಾನೂ ಫ್ರೀ ಮಾರ್ಕೆಟ್ಟನ್ನೂ ಒಳಗಿಂದಾನೇ ಕೊರೀತಿದಾರೆ, ದುಡ್ಡು ಕೊಡೋ ಹಳೇ ವಿದ್ಯಾರ್ಥಿಗಳು ಸುಮ್ನೆ ಚೆಕ್ ಬರೆಯೋದು ಬಿಟ್ಟು ಏನು ಪಾಠ ಆಗ್ಬೇಕು ಅಂತ ಹೇಳೋ ಹಕ್ಕು ಚಲಾಯಿಸ್ಬೇಕು. ಬರ್ದಾಗ ವಯಸ್ಸು ಇನ್ನೂ ಇಪ್ಪತ್ತಾರು ತುಂಬಿರ್ಲಿಲ್ಲ. 2025ರಲ್ಲಿ ಟ್ರಂಪ್ ಸರ್ಕಾರ ಹಾರ್ವರ್ಡ್‌ಗೆ ಕೊಡೋ ಫೆಡರಲ್ ಫಂಡ್ ತಡೆಹಿಡಿದಾಗ ಕೇಳಿಬಂದ ವಾದ ಇದರ ಮರಿಮಗನೇ, ಒಂದೇ ವ್ಯತ್ಯಾಸ ಅಂದ್ರೆ ಬಕ್ಲಿ ದಾನಿಗಳ ಕೈಗೆ ಕೊಟ್ಟಿದ್ದ ಚಾವಟಿ ಈಗ ಸರ್ಕಾರದ ಕೈಲಿದೆ. ಸರ್ಕಾರ ಎಲ್ಲಾದ್ರಲ್ಲೂ ಕೈ ಹಾಕ್ಬಾರ್ದು ಅಂತ ಜೀವನಪೂರ್ತಿ ಹೇಳಿದೋನು ಇದಕ್ಕೆ ಏನಂತಿದ್ದನೋ.

ಆಮೇಲೆ ಸ್ವಲ್ಪ ಕಾಲ ಮೆಕ್ಸಿಕೋ ಸಿಟೀಲಿ ಸಿಐಎ ಕೆಲಸ. ಅಲ್ಲಿ ಬಾಸ್ ಆಗಿದ್ದೋನು ಹೊವಾರ್ಡ್ ಹಂಟ್, ಹೌದು, ಮುಂದೆ ವಾಟರ್‌ಗೇಟಲ್ಲಿ ಸಿಕ್ಕಾಕ್ಕೊಂಡ ಅದೇ ಹಂಟ್. 1954ರಲ್ಲಿ ಭಾವ ಬ್ರೆಂಟ್ ಬೋಝೆಲ್ ಜೊತೆ ಸೇರಿ ಸೆನೆಟರ್ ಮೆಕಾರ್ಥಿ ಪರ ಒಂದು ಪುಸ್ತಕ. ಕಮ್ಯುನಿಸ್ಟ್ ಬೇಟೆ ಹೆಸರಲ್ಲಿ ಮೆಕಾರ್ಥಿ ಎಷ್ಟೋ ಜನರ ಬದುಕು ಹಾಳು ಮಾಡ್ತಿದ್ದಾಗ ಬಂದ ಪುಸ್ತಕ ಅದು, ಬಕ್ಲಿ ಆ ನಿಲುವಿಂದ ಪೂರ್ತಿ ಹಿಂದೆ ಸರೀಲೇ ಇಲ್ಲ. ಈಗ ಅತಿರೇಕದವ್ರನ್ನ ಓಡಿಸಿದ ಹೀರೋ ಅಂತ ಕರೆಸ್ಕೊಳ್ಳೋನ ಎರಡನೇ ಪುಸ್ತಕ ಅದಾಗಿತ್ತು ಅನ್ನೋದು ಗಮನದಲ್ಲಿರ್ಲಿ.

1955ರ ನವೆಂಬರಲ್ಲಿ ನ್ಯಾಷನಲ್ ರಿವ್ಯೂ ಪತ್ರಿಕೆ ಶುರುವಾಯ್ತು. ಇತಿಹಾಸಕ್ಕೆ ಅಡ್ಡ ನಿಂತು ನಿಲ್ಲು ಅಂತ ಕೂಗೋ ಪತ್ರಿಕೆ ಇದು ಅಂತ ಮೊದಲ ಸಂಚಿಕೇಲೇ ಬರ್ದ. ಅಪ್ಪ ಒಂದು ಲಕ್ಷ ಡಾಲರ್ ಕೊಟ್ಟಿದ್ದ. ಆಗಿನ ಪರಿಸ್ಥಿತಿ ಹೇಗಿತ್ತಂದ್ರೆ ಶ್ವೇತಭವನದಲ್ಲಿ ರಿಪಬ್ಲಿಕನ್ ಐಸೆನ್‌ಹೋವರ್ ಕೂತಿದ್ರೂ ಆತ ರೂಸ್‌ವೆಲ್ಟ್ ಕಾಲದ ಸಾಮಾಜಿಕ ಯೋಜನೆಗಳನ್ನ ಮುಟ್ಟೋಕೆ ಹೋಗ್ಲಿಲ್ಲ, ಬಲಪಂಥದಲ್ಲಿದ್ದೋರು ಎತ್ತು ಏರಿಗೆ ಕೋಣ ನೀರಿಗೆ ಅನ್ನೋ ಹಾಗೆ ಎಳೀತಿದ್ರು. ತೆರಿಗೆ ಇಳಿಸಿ ಮಾರ್ಕೆಟ್ಟಿಗೆ ಬಿಟ್ಬಿಡಿ ಅನ್ನೋರು ಒಂದ್ಕಡೆ, ಮಾರ್ಕೆಟ್ಟೇ ಸಂಪ್ರದಾಯ ಹಾಳು ಮಾಡುತ್ತೆ, ಧರ್ಮ ಕುಟುಂಬ ಮುಖ್ಯ ಅನ್ನೋರು ಇನ್ನೊಂದ್ಕಡೆ, ಸೋವಿಯತ್ ರಷ್ಯಾನ ಸೋಲ್ಸೋಕೆ ದೊಡ್ಡ ಸೇನೆ ಬೇಕು, ಅಂದ್ರೆ ದೊಡ್ಡ ಸರ್ಕಾರಾನೂ ಬೇಕು ಅನ್ನೋರು ಮಗದೊಂದ್ಕಡೆ. ಈ ಮೂರಕ್ಕೂ ಒಂದು ಸಿದ್ಧಾಂತದ ಅಂಟು ಹಚ್ಚಿದ್ದು ಫ್ರಾಂಕ್ ಮೇಯರ್, ಅದಕ್ಕೆ ಫ್ಯೂಷನಿಸಂ ಅಂತ ಹೆಸರು. ತಮಾಷೆ ಅಂದ್ರೆ ಈ ಮೇಯರ್ ಹಳೇ ಕಮ್ಯುನಿಸ್ಟ್ ಪಾರ್ಟಿ ಮನುಷ್ಯ, ಪಕ್ಕದಲ್ಲಿ ಕೂತಿದ್ದ ಜೇಮ್ಸ್ ಬರ್ನ್‌ಹ್ಯಾಮ್ ಹಳೇ ಟ್ರಾಟ್‌ಸ್ಕಿವಾದಿ, ಸ್ವಲ್ಪ ದಿನ ಆದ್ಮೇಲೆ ಬಂದು ಸೇರಿದ ವಿಟಕರ್ ಚೇಂಬರ್ಸ್ ಒಂದು ಕಾಲದ ಸೋವಿಯತ್ ಗೂಢಚಾರ.

ಬಕ್ಲಿ ಇವರಷ್ಟು ಆಳದ ಚಿಂತಕ ಅಲ್ಲ. ಸಿದ್ಧಾಂತದ ದೊಡ್ಡ ಪುಸ್ತಕ ಬರೀಬೇಕು ಅಂತ ವರ್ಷಗಟ್ಲೆ ಒದ್ದಾಡಿ ಕೈಬಿಟ್ಟೋನು. ಆತನ ಕೆಲಸ ಬೇರೆ: ಒಬ್ರಿಗೊಬ್ರು ಮುಖ ನೋಡದ ಮೇಧಾವಿಗಳನ್ನ ಒಂದೇ ಕೋಣೇಲಿ ಕೂರ್ಸಿ ಹದಿನೈದು ದಿನಕ್ಕೊಂದೋ ವಾರಕ್ಕೊಂದೋ ಪತ್ರಿಕೆ ತರ್ಸೋದು, ದುಡ್ಡು ಎತ್ತೋದು, ಊಟಕ್ಕೆ ಕರೆಯೋದು, ನಗ್ಸೋದು. ಇನ್ನೊಂದು ವಿಷ್ಯ ಜನ ಮರೀತಾರೆ. ಪತ್ರಿಕೆಯ ವೋಟಿಂಗ್ ಷೇರು ಎಲ್ಲಾ ಬಕ್ಲಿ ಹೆಸರಲ್ಲೇ ಇತ್ತು. ಆ ಐಡಿಯಾ ಕೊಟ್ಟಿದ್ದು ವಿಲಿ ಶ್ಲಾಮ್ ಅನ್ನೋ ಹಿರಿಯ ಪತ್ರಕರ್ತ, ಸಂಪಾದಕರು ಜಗಳ ಆಡಿದ್ರೆ ಪತ್ರಿಕೆ ಒಡೀಬಾರ್ದು ಅಂತ, ಎರಡೇ ವರ್ಷದಲ್ಲಿ ಜಗಳ ಆಗಿ ಆ ಷೇರಿನ ಬಲದ ಮುಂದೆ ಹೊರಗೆ ಹೋಗಿದ್ದೂ ಅದೇ ಶ್ಲಾಮ್. ಬಾಗಿಲು ಕಾಯೋ ಶಕ್ತಿ ಅಂದ್ರೆ ಮೂಲದಲ್ಲಿ ಇದು, ನೈತಿಕ ತೇಜಸ್ಸು ಗೀಜಸ್ಸು ಎಲ್ಲ ಆಮೇಲಿನ ಮಾತು.

ಈಗ ಬರ್ಚ್ ಸೊಸೈಟಿ ವಿಷ್ಯಕ್ಕೆ ಬರೋಣ, ಎಲ್ಲರೂ ಉದಾಹರಣೆ ಕೊಡೋದು ಇದನ್ನೇ.

ರಾಬರ್ಟ್ ವೆಲ್ಚ್ ಅನ್ನೋ ರಿಟೈರ್ಡ್ ಮಿಠಾಯಿ ವ್ಯಾಪಾರಿ 1958ರ ಡಿಸೆಂಬರಲ್ಲಿ ಇಂಡಿಯಾನಪೊಲಿಸಲ್ಲಿ ಕೆಲವು ಉದ್ಯಮಿಗಳನ್ನ ಕೂಡಿಸ್ಕೊಂಡು ಕಟ್ಟಿದ ಸಂಘಟನೆ. ಚೀನಾ ಕಮ್ಯುನಿಸ್ಟರು 1945ರಲ್ಲಿ ಕೊಂದ ಜಾನ್ ಬರ್ಚ್ ಅನ್ನೋ ಮಿಷನರಿ ಹೆಸರು ಇಟ್ರು. ಊರೂರಲ್ಲಿ ಶಾಖೆ, ಪುಸ್ತಕದಂಗಡಿ, ಪತ್ರ ಚಳವಳಿ, ಬಹಳ ಗಟ್ಟಿ ಸಂಘಟನೆ. ಸಮಸ್ಯೆ ಏನಂದ್ರೆ ವೆಲ್ಚ್ ಕಣ್ಣಿಗೆ ಎಲ್ಲಾ ಕಡೆ ಕಮ್ಯುನಿಸ್ಟರೇ ಕಾಣ್ತಿದ್ರು, ಕೊನೆಗೆ ಐಸೆನ್‌ಹೋವರ್ ಕೂಡ ಗೊತ್ತಿದ್ದೂ ಕಮ್ಯುನಿಸ್ಟ್ ಪಿತೂರಿಗೆ ದುಡೀತಿರೋ ಏಜೆಂಟು ಅಂತ ಬರ್ದಿಟ್ಟಿದ್ದ. ಯುರೋಪಲ್ಲಿ ಹಿಟ್ಲರ್‌ನ ಸೋಲಿಸಿದ ಜನರಲ್ ಬಗ್ಗೆ ಈ ಮಾತು.

ಬಕ್ಲಿಗೆ ಇದು ಹುಚ್ಚು ಅಂತ ಮೊದ್ಲಿಂದ ಗೊತ್ತಿತ್ತು. ಆದ್ರೆ ಪತ್ರಿಕೆ ಓದುಗರಲ್ಲಿ, ದುಡ್ಡು ಕೊಡೋರಲ್ಲಿ ಬರ್ಚ್ ಮೆಂಬರ್‌ಗಳು ತುಂಬಾ ಇದ್ರು, ಅದಕ್ಕೇ ಮೂರು ವರ್ಷ ಗಟ್ಟಿಯಾಗಿ ಬಾಯಿ ಬಿಡ್ಲಿಲ್ಲ. 1962ರ ಜನವರೀಲಿ ಫ್ಲೋರಿಡಾದ ಪಾಮ್ ಬೀಚಲ್ಲಿ ಸೆನೆಟರ್ ಬ್ಯಾರಿ ಗೋಲ್ಡ್‌ವಾಟರ್, ಲೇಖಕ ರಸೆಲ್ ಕರ್ಕ್ ಎಲ್ಲ ಸೇರಿ ಕೂತು ಮಾತಾಡಿದ್ರು, ಇವ್ರನ್ನ ಏನ್ ಮಾಡೋದು ಅಂತ. ಸಾಯೋ ವರ್ಷ ಬಕ್ಲಿ ಬರ್ದ ನೆನಪಿನ ಲೇಖನದ ಪ್ರಕಾರ ಗೋಲ್ಡ್‌ವಾಟರ್ ತಕರಾರು ಬಹಳ ಸರಳ: ನಮ್ಮ ಫೀನಿಕ್ಸಲ್ಲಿ ನೋಡಿದೋರೆಲ್ಲ ಬರ್ಚ್ ಮೆಂಬರ್ರೇ, ಬೀದೀಲಿ ಹೋಗೋ ತಿಕ್ಕಲರಲ್ಲ, ಊರಿನ ಗಣ್ಯರು, ಅವ್ರನ್ನ ಎದುರು ಹಾಕ್ಕೊಳ್ಳೋಕೆ ಆಗುತ್ತಾ? ಹಾಗಾಗಿ ಹಾವೂ ಸಾಯ್ಬೇಕು ಕೋಲೂ ಮುರೀಬಾರ್ದು ಅನ್ನೋ ದಾರಿ ಹುಡುಕಿದ್ರು. ಫೆಬ್ರವರೀಲಿ ಬಂದ ಉದ್ದನೇ ಸಂಪಾದಕೀಯ ಹೊಡೆದಿದ್ದು ವೆಲ್ಚ್ ಒಬ್ಬನನ್ನ, ಮೆಂಬರ್‌ಗಳು ಒಳ್ಳೇ ದೇಶಪ್ರೇಮಿಗಳು, ನಾಯಕ ಮಾತ್ರ ದಾರಿ ತಪ್ಪಿದಾನೆ ಅಂತ. ಗೋಲ್ಡ್‌ವಾಟರ್ ಅದನ್ನ ಒಪ್ಪಿ ವೆಲ್ಚ್ ಕೆಳಗಿಳೀಬೇಕು ಅಂತ ಪತ್ರಿಕೆಗೆ ಪತ್ರ ಬರ್ದ. ಇಷ್ಟಕ್ಕೇ ಸಿಟ್ಟಾಗಿ ಚಂದಾ ನಿಲ್ಲಿಸಿದ ಓದುಗರು, ದೇಣಿಗೆ ನಿಲ್ಲಿಸಿದ ದಾನಿಗಳು ಬೇಕಾದಷ್ಟು. ಪೂರ್ತಿ ಸೊಸೈಟಿ ಮೇಲೆ ಪತ್ರಿಕೆ ಬಿದ್ದಿದ್ದು 1965ರಲ್ಲಿ, ಅಂದ್ರೆ ಗೋಲ್ಡ್‌ವಾಟರ್ ಚುನಾವಣೆಗೆ ನಿಂತು ಬರ್ಚರ್‌ಗಳು ಮನೆಮನೆ ತಿರುಗಿ ಕೆಲಸ ಮಾಡಿ ಆತ ಸೋತು ಎಲ್ಲಾ ಮುಗಿದ ಮೇಲೆ.

ಧೈರ್ಯ ಇರ್ಲಿಲ್ಲ ಅಂತಲ್ಲ ನಾನು ಹೇಳ್ತಿರೋದು, ಓದುಗರು ಕೈಬಿಡ್ತಾರೆ ಅಂತ ಗೊತ್ತಿದ್ದೂ ಬರೆಯೋಕೆ ಧೈರ್ಯ ಬೇಕೇ ಬೇಕು. ಆದ್ರೆ ಒಂದೇ ಏಟಿಗೆ ಬಾಗಿಲು ಹಾಕಿದ ಅನ್ನೋದು ಕಥೆ, ನಡೆದಿದ್ದು ಮೂರು ವರ್ಷದ ಲೆಕ್ಕಾಚಾರ. ಮತ್ತೆ ಬಾಗಿಲು ಹಾಕಿದ್ಮೇಲೂ ಬರ್ಚರ್‌ಗಳು ಮಾಯ ಆಗ್ಲಿಲ್ಲ, ಸೊಸೈಟಿ ಇವತ್ತಿಗೂ ಇದೆ. 1966ರಲ್ಲಿ ಕ್ಯಾಲಿಫೋರ್ನಿಯಾ ಗವರ್ನರ್ ಚುನಾವಣೇಲಿ ರೇಗನ್‌ಗೆ ಇವರ ಬಗ್ಗೆ ಕೇಳಿದ್ರೆ ನಾನು ಅವರ ಸಿದ್ಧಾಂತ ಒಪ್ತಿಲ್ಲ, ಅವ್ರು ನನ್ನದನ್ನ ಒಪ್ತಿದಾರೆ ಅನ್ನೋ ಅರ್ಥದಲ್ಲಿ ಜಾರ್ಕೊಂಡ. ವೋಟು ಬೇಕು, ಹೆಸರು ಬೇಡ. ಬಕ್ಲಿ ಕಿತ್ಕೊಂಡಿದ್ದು ಅವರ ಮರ್ಯಾದೆ ಮಾತ್ರ: ಇನ್ನು ಮೇಲೆ ಬರ್ಚ್ ಮಾತಾಡೋನು ದೊಡ್ಡ ಪೇಪರಲ್ಲಿ ಬರ್ಯೋಕಾಗಲ್ಲ, ಟಿವೀಲಿ ಗಂಭೀರ ವ್ಯಕ್ತಿ ಅನ್ನಿಸ್ಕೊಳ್ಳೋಕಾಗಲ್ಲ. ಮೂರು ಟಿವಿ ನೆಟ್‌ವರ್ಕು, ಬೆರಳೆಣಿಕೆಯ ದೊಡ್ಡ ಪತ್ರಿಕೆಗಳು ಇದ್ದ ಕಾಲದಲ್ಲಿ ಅದು ಸಣ್ಣ ಶಿಕ್ಷೆ ಆಗಿರ್ಲಿಲ್ಲ.

ಇನ್ನು ಒಳಗೆ ಉಳಿದದ್ದರ ಕಥೆ. 1957ರ ಆಗಸ್ಟಲ್ಲಿ, ನಾಗರಿಕ ಹಕ್ಕು ಮಸೂದೆ ಚರ್ಚೆ ನಡೀತಿದ್ದಾಗ, ನ್ಯಾಷನಲ್ ರಿವ್ಯೂ ಒಂದು ಸಂಪಾದಕೀಯ ಬರೀತು. ದಕ್ಷಿಣದ ಬಿಳಿಯರು ಸಂಖ್ಯೇಲಿ ಕಮ್ಮಿ ಇರೋ ಕಡೇನೂ ರಾಜಕೀಯವಾಗಿ ಮೇಲುಗೈ ಸಾಧಿಸೋಕೆ ಅರ್ಹರು, ಯಾಕಂದ್ರೆ ಸದ್ಯಕ್ಕೆ ಅವರದ್ದೇ ಮುಂದುವರಿದ ಜನಾಂಗ ಅಂತ. ಯಾವನೋ ಓದುಗನ ಪತ್ರ ಅಲ್ಲ ಇದು, ಪತ್ರಿಕೆಯ ಅಧಿಕೃತ ದನಿ. ಪಕ್ಕದಲ್ಲೇ ಕೂತಿದ್ದ ಭಾವ ಬೋಝೆಲ್ ಇದನ್ನ ವಿರೋಧಿಸಿ ಅದೇ ಪತ್ರಿಕೇಲಿ ಬರ್ದ, ಅಂದ್ರೆ ಆ ಕಾಲವೇ ಹಾಗಿತ್ತು ಬಿಡಿ ಅನ್ನೋ ಸಮಜಾಯಿಷಿ ನಡಿಯಲ್ಲ. ಟ್ಯಾನೆನ್‌ಹೌಸ್ ಜೀವನಚರಿತ್ರೇಲಿ ಹೊರಗೆ ಬಂದ ಇನ್ನೊಂದು ವಿಷ್ಯ: ಕ್ಯಾಮ್ಡೆನ್‌ನಲ್ಲಿ ಬಿಳಿಯ-ಕರಿಯ ಪ್ರತ್ಯೇಕತೆ ಇರ್ಲೇಬೇಕು ಅಂತ ವಾದ ಮಾಡೋ ಒಂದು ಪೇಪರಿಗೆ ಬಕ್ಲಿ ಕುಟುಂಬಾನೇ ದುಡ್ಡು ಹಾಕಿ ನಡೆಸ್ತಿತ್ತು.

1965ರ ಫೆಬ್ರವರೀಲಿ ಇಂಗ್ಲೆಂಡಿನ ಕೇಂಬ್ರಿಜ್ ಯೂನಿಯನ್ ಅನ್ನೋ ವಿದ್ಯಾರ್ಥಿ ಡಿಬೇಟ್ ಕ್ಲಬ್ಬಲ್ಲಿ ಕರಿಯ ಲೇಖಕ ಜೇಮ್ಸ್ ಬಾಲ್ಡ್‌ವಿನ್ ಎದುರು ಬಕ್ಲಿ ನಿಂತ, ಅಮೆರಿಕನ್ ಕನಸು ಕಟ್ಟಿರೋದು ನೀಗ್ರೋ ಜನರ ಬೆನ್ನಿನ ಮೇಲಾ ಅನ್ನೋ ವಿಷ್ಯ. 544ಕ್ಕೆ 164 ವೋಟಲ್ಲಿ ಬಾಲ್ಡ್‌ವಿನ್ ಗೆದ್ದ. ಆ ಡಿಬೇಟ್ ವಿಡಿಯೋ ಈಗಲೂ ಸಿಗುತ್ತೆ, ಬಾಲ್ಡ್‌ವಿನ್ ಮಾತು ಮುಗಿಸಿದಾಗ ಇಡೀ ಸಭೆ ಎದ್ದು ನಿಂತು ಚಪ್ಪಾಳೆ ಹೊಡೆಯೋದು ಕಾಣುತ್ತೆ. ಡಿಬೇಟಲ್ಲಿ ಯಾರನ್ನ ಬೇಕಾದ್ರೂ ಸುತ್ತಿಬಿಡ್ತೀನಿ ಅಂದ್ಕೊಂಡಿದ್ದೋನಿಗೆ ಆ ಸಂಜೆ ಹಿಡಿಯೋಕೆ ಏನೂ ಸಿಗ್ಲಿಲ್ಲ, ಎದುರಿಗಿದ್ದೋನು ಮಾತಾಡ್ತಿದ್ದಿದ್ದು ಪಾಯಿಂಟ್ ಹೊಡೆಯೋಕಲ್ಲ. 2004ರಲ್ಲಿ ಟೈಮ್ ಪತ್ರಿಕೆ ಕೇಳಿದಾಗ ಜನಾಂಗ ತಾರತಮ್ಯ ತಾನಾಗೇ ನಿಧಾನಕ್ಕೆ ಕರಗುತ್ತೆ ಅಂದ್ಕೊಂಡಿದ್ದೆ, ತಪ್ಪು, ಕೇಂದ್ರ ಸರ್ಕಾರ ಕೈ ಹಾಕ್ಲೇಬೇಕಾಗಿತ್ತು ಅಂತ ಒಪ್ಕೊಂಡ. ಒಪ್ಕೊಂಡಿದ್ದು ದೊಡ್ಡದೇ. ಆದ್ರೆ ಅಷ್ಟೊತ್ತಿಗೆ ನಾಗರಿಕ ಹಕ್ಕು ಕಾಯ್ದೆಗೆ ನಲವತ್ತು ವರ್ಷ ಆಗಿತ್ತು. 1964ರಲ್ಲಿ ಆ ಕಾಯ್ದೆ ವಿರುದ್ಧ ವೋಟ್ ಹಾಕಿದ ಗೋಲ್ಡ್‌ವಾಟರ್ ಗೆದ್ದಿದ್ದು ಆರೇ ರಾಜ್ಯ, ತನ್ನ ಸ್ವಂತ ಅರಿಝೋನಾ ಬಿಟ್ರೆ ಉಳಿದ ಐದೂ ಪಕ್ಕಾ ದಕ್ಷಿಣ. ರಿಪಬ್ಲಿಕನ್ ಪಕ್ಷದ ನಕಾಶೆ ಬದಲಾಗಿದ್ದು ಅಲ್ಲಿಂದ. ಐಸೆನ್‌ಹೋವರ್ ಕಮ್ಯುನಿಸ್ಟ್ ಅನ್ನೋನಿಗೆ ಬಾಗಿಲು ಹಾಕಿದ್ರು ಸರಿ, ಬಿಳಿಯರೇ ಆಳ್ಬೇಕು ಅನ್ನೋನಿಗೆ ಕುರ್ಚಿ ಕೊಟ್ಟಿದ್ರು. ಇದನ್ನ ಬಿಟ್ಟು ಬಕ್ಲಿ ಗೇಟ್‌ಕೀಪರ್ ಕಥೆ ಹೇಳೋರು ಅರ್ಧ ಕಥೆ ಹೇಳ್ತಿದಾರೆ.

ನನ್ನ ಪ್ರಕಾರ ಇವತ್ತಿನ ಪರಿಸ್ಥಿತಿಗೆ ಬಕ್ಲಿ ಕೊಟ್ಟ ದೊಡ್ಡ ಕೊಡುಗೆ ಇರೋದು ಪತ್ರಿಕೇಲಲ್ಲ, ಟಿವೀಲಿ. 1965ರಲ್ಲಿ ನ್ಯೂಯಾರ್ಕ್ ಮೇಯರ್ ಚುನಾವಣೆಗೆ ಕನ್ಸರ್ವೇಟಿವ್ ಪಾರ್ಟಿಯಿಂದ ನಿಂತ. ಗೆದ್ರೆ ಮೊದ್ಲು ಏನ್ ಮಾಡ್ತೀರಿ ಅಂತ ಕೇಳಿದ್ದಕ್ಕೆ ಮರು ಎಣಿಕೆ ಕೇಳ್ತೀನಿ ಅಂದ. ಸಿಕ್ಕಿದ್ದು ನೂರಕ್ಕೆ 13 ಚಿಲ್ಲರೆ ವೋಟು, ಆದ್ರೆ ಆ ನಗರದ ಸುದ್ದಿಗಾರರೆಲ್ಲ ಆತನ ಹಿಂದೆ ಬಿದ್ರು. ಮರುವರ್ಷ ಫೈರಿಂಗ್ ಲೈನ್ ಅನ್ನೋ ಟಿವಿ ಚರ್ಚೆ ಶೋ ಶುರು. 1999ರವರೆಗೆ ನಡೀತು, 1,500ಕ್ಕೂ ಹೆಚ್ಚು ಎಪಿಸೋಡು. ನೋಮ್ ಚಾಮ್‌ಸ್ಕಿ ಬಂದ, ಮುಹಮ್ಮದ್ ಅಲಿ ಬಂದ, ಬ್ಲಾಕ್ ಪ್ಯಾಂಥರ್ ಅನ್ನೋ ಕರಿಯರ ಉಗ್ರ ಸಂಘಟನೆಯ ಹ್ಯೂಯಿ ನ್ಯೂಟನ್ ಬಂದ, ಕವಿ ಅಲೆನ್ ಗಿನ್ಸ್‌ಬರ್ಗ್ ಹಾರ್ಮೋನಿಯಂ ಇಟ್ಕೊಂಡು ಹರೇ ಕೃಷ್ಣ ಹಾಡ್ದ, ಬಕ್ಲಿ ಹುಬ್ಬೇರಿಸ್ಕೊಂಡು ಕೇಳ್ದ. ಬಿಳಿಯ-ಕರಿಯರು ಬೇರೆಬೇರೆನೇ ಇರ್ಬೇಕು ಅನ್ನೋ ರಾಜಕಾರಣಿ ಜಾರ್ಜ್ ವ್ಯಾಲೇಸ್‌ನ ಕರ್ಸಿ ಬಿಡದೆ ಜಾಲಾಡಿದ್ದೂ ಇದೇ ಶೋನಲ್ಲಿ. ಕರೆಯೋದೇ ತಪ್ಪು ಅನ್ನೋದಲ್ಲ, ಕರ್ದ ಮೇಲೆ ಏನು ಕೇಳ್ತೀಯ ಅನ್ನೋದು ಮುಖ್ಯ ಅಂತ ಇವತ್ತು ಕಾರ್ಲ್‌ಸನ್‌ಗೆ ಹೇಳೋರು ಈ ಹಳೇ ಟೇಪ್ ತೋರ್ಸೋದು ಇದಕ್ಕೇ.

ಆದ್ರೆ ಇದರದ್ದೇ ಇನ್ನೊಂದು ಮುಖ 1968. ಚಿಕಾಗೋದಲ್ಲಿ ಡೆಮಾಕ್ರಟಿಕ್ ಸಮಾವೇಶ, ಹೊರಗೆ ಪೊಲೀಸರು ಹುಡುಗರನ್ನ ಬಡೀತಿದಾರೆ, ಎಬಿಸಿ ಚಾನೆಲಲ್ಲಿ ಬಕ್ಲಿ ಮತ್ತೆ ಕಾದಂಬರಿಕಾರ ಗೋರ್ ವಿಡಾಲ್ ಚರ್ಚೆ. ವಿಡಾಲ್ ಈತನನ್ನ ಗುಪ್ತ ನಾಜಿ ಅಂತ ಕರ್ದ, ಈತ ವಿಡಾಲ್‌ನ ಸಲಿಂಗಿ ಅಂತ ಹೀನಾಯವಾಗಿ ಬೈದು ಮುಖಕ್ಕೆ ಗುದ್ದುತೀನಿ ಅಂದ, ನೇರ ಪ್ರಸಾರದಲ್ಲೇ. ಬಕ್ಲಿ ಇದಕ್ಕೆ ಆಮೇಲೆ ಎಷ್ಟೋ ವರ್ಷ ಕೊರಗಿದ. ಟಿವಿಯವ್ರು ಮಾತ್ರ ಬೇರೆ ಪಾಠ ಕಲ್ತ್ರು, ಮೂರನೇ ಸ್ಥಾನದಲ್ಲಿದ್ದ ಎಬಿಸಿ ಕಮ್ಮಿ ಖರ್ಚಲ್ಲಿ ಜನರನ್ನ ಸೆಳೆಯೋ ದಾರಿ ಕಂಡ್ಕೊಂಡಿತ್ತು. ಎರಡು ಕುರ್ಚಿ, ಒಂದು ಎಡ ಒಂದು ಬಲ, ಜಗಳ ಮಾಡಿ. 1987ರಲ್ಲಿ ಪ್ರಸಾರದಲ್ಲಿ ಎರಡೂ ಕಡೆ ಹೇಳ್ಬೇಕು ಅನ್ನೋ ಫೇರ್‌ನೆಸ್ ಡಾಕ್ಟ್ರಿನ್ ನಿಯಮ ಹೋಯ್ತು, ಮರುವರ್ಷ ರಷ್ ಲಿಂಬಾ ರೇಡಿಯೋ ಶೋ ದೇಶಾದ್ಯಂತ ಬಂತು, 1996ಕ್ಕೆ ಫಾಕ್ಸ್ ನ್ಯೂಸ್. ಲಿಂಬಾ ಬಕ್ಲಿನ ಗುರು ಅಂತಾನೇ ಹೇಳ್ಕೋತಿದ್ದ. ಎರಡನೇ ಕುರ್ಚಿ ಅಷ್ಟೊತ್ತಿಗೆ ಕಾಣೆಯಾಗಿತ್ತು.

ಉಳಿದದ್ದು ಬೇಗ ಹೇಳ್ಬಿಡ್ತೀನಿ. ಮುನ್ನೂರಕ್ಕೂ ಹೆಚ್ಚು ಪೇಪರಲ್ಲಿ ಬರೋ ಕಾಲಂ, ಬೇಹುಗಾರಿಕೆ ಕಾದಂಬರಿಗಳು, ದೋಣಿಯಾನ, ಹಾರ್ಪ್ಸಿಕಾರ್ಡ್ ವಾದನ. ಅಣ್ಣ ಜೇಮ್ಸ್ ನ್ಯೂಯಾರ್ಕಿಂದ ಸೆನೆಟರ್ ಆದ. 1980ರಲ್ಲಿ ರೇಗನ್ ಗೆದ್ದಾಗ ನ್ಯಾಷನಲ್ ರಿವ್ಯೂ ಚಂದಾದಾರನೇ ಅಧ್ಯಕ್ಷ ಆದ ಹಾಗಾಯ್ತು. ಹಾಗಂತ ರೇಗನ್ ಹೇಳಿದ್ದಕ್ಕೆಲ್ಲ ತಲೆ ಆಡಿಸ್ಲಿಲ್ಲ, 1978ರಲ್ಲೇ ಪನಾಮಾ ಕಾಲುವೆ ಬಿಟ್ಟುಕೊಡೋ ಒಪ್ಪಂದದ ಪರ ರೇಗನ್ ಎದುರೇ ವಾದ ಮಾಡಿದ್ದ. 1986ರಲ್ಲಿ ಏಡ್ಸ್ ಇರೋರಿಗೆ ಹಚ್ಚೆ ಹಾಕ್ಬೇಕು ಅಂತ ನ್ಯೂಯಾರ್ಕ್ ಟೈಮ್ಸಲ್ಲಿ ಬರ್ದ, ಎಷ್ಟು ಓದಿದ್ರೂ ಮೈ ಉರಿಯೋ ಲೇಖನ ಅದು. 1996ರಲ್ಲಿ ಡ್ರಗ್ಸ್ ವಿರುದ್ಧದ ಯುದ್ಧ ಸೋತಿದೆ ಅಂತ ಪತ್ರಿಕೇಲಿ ಸಂಚಿಕೆ ತಂದ, ಸಾಯೋ ಹೊತ್ತಿಗೆ ಇರಾಕ್ ಯುದ್ಧಾನೂ ವಿಫಲ ಅಂದಿದ್ದ. 2008ರ ಫೆಬ್ರವರಿ 27ಕ್ಕೆ ಸ್ಟ್ಯಾಮ್‌ಫರ್ಡ್ ಮನೇಲಿ ತೀರ್ಕೊಂಡ. ಅದೇ ಅಕ್ಟೋಬರಲ್ಲಿ ಮಗ ಕ್ರಿಸ್ಟಫರ್ ಒಬಾಮಾಗೆ ವೋಟ್ ಹಾಕ್ತೀನಿ ಅಂತ ಬರ್ದು ಅಪ್ಪ ಕಟ್ಟಿದ ಪತ್ರಿಕೆ ಬಿಟ್ಟ.

ಫ್ಯುಯೆಂಟೆಸ್ ವಿಷ್ಯಕ್ಕೆ ನಿಜವಾಗಿ ಹತ್ರ ಬರೋದು ಬರ್ಚ್ ಪ್ರಕರಣ ಅಲ್ಲ, 1991ರದ್ದು. ಪತ್ರಿಕೆಯ ಹಿರಿಯ ಲೇಖಕ ಜೋ ಸೋಬ್ರನ್ ಮತ್ತೆ ಬಲಪಂಥದ ಅಂಕಣಕಾರ, ರಾಜಕಾರಣಿ ಪ್ಯಾಟ್ ಬುಕ್ಯಾನನ್ ಇಬ್ಬರೂ ಇಸ್ರೇಲ್ ಟೀಕೆ ದಾಟಿ ಯಹೂದಿ ದ್ವೇಷಕ್ಕೆ ಜಾರಿದಾರಾ ಅನ್ನೋ ಪ್ರಶ್ನೆ. ಆ ವರ್ಷ ಡಿಸೆಂಬರಲ್ಲಿ ಬಕ್ಲಿ ಪತ್ರಿಕೆಯ ಒಂದು ಸಂಚಿಕೆ ಪೂರ್ತಿ ಇದಕ್ಕೇ ಮೀಸಲಿಟ್ಟ. ಬುಕ್ಯಾನನ್ ಹೇಳಿದ್ದು ಮಾಡಿದ್ದು ಯಹೂದಿ ದ್ವೇಷ ಅಲ್ಲ ಅಂತ ಸಮರ್ಥಿಸೋಕೆ ನನ್ನಿಂದ ಆಗ್ತಿಲ್ಲ ಅಂತ ತೀರ್ಮಾನ. ಬಹಳ ಸುತ್ತಿ ಬಳಸಿ ಹೇಳಿದ್ದು, ಆದ್ರೂ ಹೇಳ್ದ. ಸೋಬ್ರನ್ 1993ರಲ್ಲಿ ಪತ್ರಿಕೆಯಿಂದ ಹೊರಗೆ. ಬುಕ್ಯಾನನ್ ಕಥೆ ಏನಾಯ್ತು? 1996ರಲ್ಲಿ ನ್ಯೂ ಹ್ಯಾಂಪ್‌ಶೈರ್ ಪ್ರೈಮರಿ, ಅಂದ್ರೆ ಪಕ್ಷದ ಅಧ್ಯಕ್ಷೀಯ ಅಭ್ಯರ್ಥಿ ಆರಿಸೋ ಒಳಚುನಾವಣೆ, ಗೆದ್ದ. ವಲಸೆ ನಿಲ್ಲಿಸಿ, ಆಮದಿಗೆ ಸುಂಕ ಹಾಕಿ, ಹೊರದೇಶದ ಯುದ್ಧ ಬೇಡ ಅನ್ನೋದು ಆತನ ಅಜೆಂಡಾ, ಎಲ್ಲೋ ಕೇಳಿದ ಹಾಗಿದೆ ಅಲ್ವಾ? ಬಕ್ಲಿ ಬದುಕಿದ್ದಾಗಲೇ, ಪತ್ರಿಕೆ ಗಟ್ಟಿಯಾಗಿದ್ದಾಗಲೇ, ಬಾಗಿಲು ಹಾಕಿದ್ರೂ ಜನ ಹಿತ್ತಲಿಂದ ಹೋಗೋಕೆ ಶುರು ಮಾಡಿದ್ರು.

ಪೂರ್ತಿ ಕಿತ್ತು ಬಿದ್ದಿದ್ದು 2016ರಲ್ಲಿ. ಟ್ರಂಪ್ ಬಗ್ಗೆ ಬಕ್ಲಿ 2000ದಲ್ಲೇ ಬರ್ದಿದ್ದ, ಕನ್ನಡಿ ಕಂಡ್ರೆ ತನ್ನ ಬಿಂಬಕ್ಕೇ ಮರುಳಾಗೋ ಮನುಷ್ಯ ಅಂತ. 2016ರ ಜನವರೀಲಿ ನ್ಯಾಷನಲ್ ರಿವ್ಯೂ ಇಪ್ಪತ್ತಕ್ಕೂ ಹೆಚ್ಚು ಬರಹಗಾರರನ್ನ ಕೂಡ್ಸಿ ಟ್ರಂಪ್ ಬೇಡ ಅಂತ ವಿಶೇಷ ಸಂಚಿಕೆ ತಂತು, 1962ರ ಮಂತ್ರ ಮತ್ತೆ ಹಾಕಿ ನೋಡ್ತು. ರಿಪಬ್ಲಿಕನ್ ಪಕ್ಷ ಮಾಡಿದ್ದು ಇಷ್ಟೇ, ತನ್ನ ಅಭ್ಯರ್ಥಿಗಳ ಡಿಬೇಟ್ ನಡೆಸೋ ಪಟ್ಟಿಯಿಂದ ಆ ಪತ್ರಿಕೇನ ತೆಗೆದುಹಾಕ್ತು. ಹೊರಗೆ ಹೋಗಿದ್ದು ಬಾಗಿಲು ಕಾಯೋನೇ.

ಕಾರ್ಲ್‌ಸನ್ ಹಾದಿ ನೋಡಿದ್ರೆ ಕಾರಣ ಇನ್ನೂ ಚೆನ್ನಾಗಿ ಕಾಣುತ್ತೆ. ಈತ ಕೆಲಸ ಶುರು ಮಾಡಿದ್ದು ಅದೇ ಹೆರಿಟೇಜ್‌ನ ಪಾಲಿಸಿ ರಿವ್ಯೂ ಅನ್ನೋ ಪತ್ರಿಕೇಲಿ, ಆಮೇಲೆ ವೀಕ್ಲಿ ಸ್ಟ್ಯಾಂಡರ್ಡ್ ಅನ್ನೋ ಕನ್ಸರ್ವೇಟಿವ್ ವಾರಪತ್ರಿಕೇಲಿ ಒಳ್ಳೇ ವರದಿಗಾರ, ಆಮೇಲೆ ಸಿಎನ್‌ಎನ್‌ನ ಎಡ-ಬಲ ಜಗಳದ ಶೋ, ಆಮೇಲೆ ಫಾಕ್ಸ್. ಅಂದ್ರೆ ಬಕ್ಲಿ ಹಾಕಿದ ಹಾದೀಲೇ ಪೂರ್ತಿ ನಡ್ದೋನು. 2023ರ ಏಪ್ರಿಲಲ್ಲಿ ಫಾಕ್ಸ್ ತೆಗೆದುಹಾಕ್ತು. 1962ರಲ್ಲಿ ಹೀಗಾಗಿದ್ರೆ ಅಲ್ಲಿಗೆ ಕಥೆ ಮುಗೀತಿತ್ತು, ಈತ ಎಕ್ಸಲ್ಲಿ ಮಾತಾಡೋಕೆ ಶುರು ಮಾಡಿ ಅದೇ ವರ್ಷ ಸ್ವಂತ ನೆಟ್‌ವರ್ಕ್ ಕಟ್ಟಿದ. ಇತ್ತ ವೀಕ್ಲಿ ಸ್ಟ್ಯಾಂಡರ್ಡ್ 2018ರಲ್ಲೇ ಮುಚ್ಚಿಹೋಗಿತ್ತು. ಚಂದಾದಾರ ನೇರ ಈತನಿಗೇ ದುಡ್ಡು ಕೊಡ್ತಾನೆ, ಮಧ್ಯೆ ಸಂಪಾದಕ ಇಲ್ಲ, ವೋಟಿಂಗ್ ಷೇರು ಇಟ್ಕೊಂಡ ಬಕ್ಲಿ ಇಲ್ಲ. ಅದಕ್ಕಿಂತ ಮುಖ್ಯ, ಬಕ್ಲಿ ಕೈಲಿದ್ದ ಶಿಕ್ಷೆ ಮರ್ಯಾದೆ ಕಿತ್ಕೊಳ್ಳೋದು ಅಂದ್ನಲ್ಲ, ಈಗ ಆ ಮರ್ಯಾದೆಗೇ ಬೆಲೆ ಇಲ್ಲ. ದೊಡ್ಡೋರೆಲ್ಲ ಸೇರಿ ನನ್ನನ್ನ ಹೊರಗೆ ಹಾಕಿದ್ರು ಅನ್ನೋದೇ ಫ್ಯುಯೆಂಟೆಸ್ ಥರದವನ ದೊಡ್ಡ ಬಂಡವಾಳ, ಒಂದೊಂದು ಬ್ಯಾನ್ ಆದಾಗಲೂ ಅದು ಬೆಳೀತು.

ಹಾಗಾದ್ರೆ ಏನೂ ಮಾಡೋಕಾಗಲ್ವಾ ಅಂದ್ರೆ, ಹೆರಿಟೇಜ್ ಗಲಾಟೆಯಲ್ಲಿ ಕಂಡಿದ್ದು ಬೇರೆ ಥರದ ಒತ್ತಡ. ರಾಬರ್ಟ್ಸ್ ಕ್ಷಮೆ ಕೇಳಿದ್ದು ಯಾವ್ದೋ ಸಂಪಾದಕೀಯ ಓದಿ ಅಲ್ಲ, ಸ್ವಂತ ಸ್ಟಾಫೇ ಎದುರು ನಿಂತಿದ್ದಕ್ಕೆ, ಬೋರ್ಡ್ ಮೆಂಬರ್ ಎದ್ದು ಹೋಗಿದ್ದು ಅದಾದ್ಮೇಲೆ. ಸಂಸ್ಥೆಗೆ ಕಟ್ಟಡ, ಸಂಬಳ, ಬೋರ್ಡು ಇರುತ್ತೆ, ಹಾಗಾಗಿ ಅದಕ್ಕೆ ನಾಚ್ಕೆನೂ ಇರುತ್ತೆ. ಕಾರ್ಲ್‌ಸನ್ ಕ್ಷಮೆ ಕೇಳ್ಲಿಲ್ಲ, ಕೇಳೋ ಅಗತ್ಯಾನೂ ಬರ್ಲಿಲ್ಲ.

1962ರಲ್ಲಿ ಬಕ್ಲಿ ಲೇಖನ ಕೆಲಸ ಮಾಡಿದ್ದು ಅದರ ಹಿಂದೆ ಗೋಲ್ಡ್‌ವಾಟರ್ ಪತ್ರ ಇತ್ತು ಅನ್ನೋ ಕಾರಣಕ್ಕೆ, ಅಧ್ಯಕ್ಷ ಸ್ಥಾನಕ್ಕೆ ಕಣ್ಣಿಟ್ಟಿದ್ದ ರಾಜಕಾರಣಿ ತನ್ನ ಕಾರ್ಯಕರ್ತರು ಮುನಿಸ್ಕೊಂಡ್ರೂ ಸರಿ ಅಂತ ಹೆಸರು ಹಿಡಿದು ಬರ್ದ. 2025ರ ಡಿಸೆಂಬರಲ್ಲಿ ಟರ್ನಿಂಗ್ ಪಾಯಿಂಟ್ ಅನ್ನೋ ಕನ್ಸರ್ವೇಟಿವ್ ಯುವ ಸಂಘಟನೆ ಸಮಾವೇಶದ ವೇದಿಕೆ ಮೇಲೆ ಕನ್ಸರ್ವೇಟಿವ್ ಕಾಮೆಂಟೇಟರ್ ಬೆನ್ ಶಪೀರೋ ಕಾರ್ಲ್‌ಸನ್ ಹೆಸರು ಹಿಡಿದೇ ಬೈದ. ಕೆಲವು ದಿನ ಬಿಟ್ಟು ಅದೇ ವೇದಿಕೆಗೆ ವೈಸ್ ಪ್ರೆಸಿಡೆಂಟ್ ಜೆ.ಡಿ. ವ್ಯಾನ್ಸ್ ಬಂದ, 2028ಕ್ಕೆ ಪಕ್ಷದ ಮುಂದಿನ ಅಭ್ಯರ್ಥಿ ಅಂತ ಎಲ್ರೂ ನೋಡ್ತಿರೋ ಮನುಷ್ಯ. ನಮ್ಮ ಪರ ಇರೋರಿಗೆ ಶುದ್ಧತೆ ಪರೀಕ್ಷೆ ಇಡ್ತಾ ಕೂತು ಟ್ರಂಪ್ ಈ ಒಕ್ಕೂಟ ಕಟ್ಲಿಲ್ಲ ಅಂದ, ಚಪ್ಪಾಳೆ ಬಿತ್ತು.